ಬೆಲ್ಲದಚ್ಚು ಇಟ್ಟ ಊರುಗಳು

ಹತ್ತು ದಿನ. ಅದರಲ್ಲಿ ಎರಡು ವಿಮಾನದ ಹೊಟ್ಟೆಗೆ.
ಅಶ್ವಿನಿ ಮಳೆ ಹುಟ್ಟಿದ ಮೇಲೆ ಹೊರಟು
ಭರಣಿ ಹುಟ್ಟುವ ಮೊದಲು ಮಂಡ್ಯಕ್ಕೆ ಬಂದುಬಿಡಬೇಕು,
ಇದು ಇವರ ಲೆಕ್ಕ.
ಆರ್.ಪಿ. ರಸ್ತೆಯ ಟ್ರಾವೆಲ್ಸ್ ಹುಡುಗ ಗುಣಶೇಖರ
ಅದನ್ನೇ ಏಪ್ರಿಲ್ ಹದಿನಾರು ಅಂತ ಬರೆದುಕೊಂಡ.

ಊಟದ ಮೇಜಿನ ಮೇಲೆ ನನ್ನ ಹೈಸ್ಕೂಲಿನ ಅಟ್ಲಾಸು.
ಯುಗೋಸ್ಲಾವಿಯಾ ಇನ್ನೂ ಒಂದೇ ಬಣ್ಣ.
"ಅದು ಪಾಲಾಗಿ ಎಷ್ಟು ವರ್ಷ ಆಯ್ತು ಅತ್ತಿಗೆ!"
ನಾದಿನಿ ಪಂಕಜ ನಕ್ಕಳು.
ನಾನೂ ಕೇಳಿದ್ದೆ. ಆದರೆ ನಡುಮನೆಗೆ ಗೋಡೆ ಎದ್ದದ್ದನ್ನು
ಪುಸ್ತಕಕ್ಕೆ ಯಾರು ಹೋಗಿ ಹೇಳುತ್ತಾರೆ?

ಗುರುತಿಗೆ ಏನಾದರೂ ಬೇಕಿತ್ತು; ಡಬ್ಬಿಯಲ್ಲಿ ಅಚ್ಚುಬೆಲ್ಲ ಇತ್ತು.
ತಲೆಗೊಂದು ಅಂದರೂ ಪಂಕಜ ಎರಡೆತ್ತಿಕೊಂಡಳು.
ಒಂದನ್ನು ಪ್ಯಾರಿಸಿನ ನೆತ್ತಿಗೆ ಕುಕ್ಕಿ
ಇನ್ನೊಂದನ್ನು ಹಾಲೆಂಡಿನ ಹೂವಿಗೆ.
"ಗೋಪುರ ನೋಡದೆ ಬಂದೆ ಅಂದ್ರೆ
ನಮ್ಮ ಬ್ಯಾಂಕಲ್ಲಿ ಯಾರು ನಂಬ್ತಾರೆ?"
ದುಡ್ಡಿನಲ್ಲಿ ಮೂರನೇ ಒಂದು ಪಾಲು ಅವಳದು. ಸುಮ್ಮನಿದ್ದೆ.

ಇವರು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ
ಮೂವತ್ತೊಂದು ವರ್ಷ ಕಬ್ಬಿನ ಇಳುವರಿ ಅಳೆದವರು.
ಕನ್ನಡಕ ಏರಿಸಿ, ವಿಯೆನ್ನಾಕ್ಕೂ ಪ್ರಾಗ್‌ಗೂ ನಡುವೆ
ಏನೂ ಬರೆಯದ ಹಸಿರಲ್ಲಿ
ಪೆನ್ಸಿಲಿನ ಒಂದು ಚುಕ್ಕಿ. ದಾಚಿತ್ಸೆ.
ಸಕ್ಕರೆಯನ್ನು ಮೊದಲು ಪುಟ್ಟ ಚೌಕ ಮಾಡಿದ ಊರಂತೆ.
ಅದಕ್ಕೊಂದು ಕಲ್ಲು ನಿಲ್ಲಿಸಿದ್ದಾರಂತೆ.
"ಅಲ್ಲಿ ಸಕ್ಕರೆ ಗೆಡ್ಡೆಯಲ್ಲಿ ಬೆಳೀತದೆ."
"ಗೆಡ್ಡೆ ನೋಡಬಹುದಾ?"
"ಏಪ್ರಿಲ್‌ನಲ್ಲಿ ಎಲ್ಲಿ ಗೆಡ್ಡೆ? ಬಿತ್ತಿರ್ತಾರೆ. ಎರಡೆಲೆ ಇದ್ದರೆ ಹೆಚ್ಚು."
"ಎರಡೆಲೆ ನೋಡಕ್ಕೆ ಲಕ್ಷ ಲಕ್ಷ ಸುರೀಬೇಕಾ ಅಣ್ಣ?"
ಇವರು ಮಾತಾಡಲಿಲ್ಲ. ಬ್ಯೂರೆಟ್ಟಿನ ಕೊನೇ ಹನಿ ಬಿಡುವ ಹಾಗೆ
ಅಚ್ಚನ್ನು ಚುಕ್ಕಿಯ ಮೇಲೆ ಇಳಿಸಿದರು.

ನನಗೆ ಊರಿನ ಹೆಸರೇ ಗೊತ್ತಿರಲಿಲ್ಲ.
ಚಿಕ್ಕವಳಿದ್ದಾಗ, ನಾಲೆಗೆ ನೀರು ಬಿಟ್ಟರು ಅಂದರೆ
ಒಣಗಿದ ಕಾಲುವೆಯೊಳಗೆ ಇಳಿದು
ನೀರಿನ ಮೂತಿಯ ಮುಂದೆ ಓಡುತ್ತಿದ್ದೆ.
ಕಸಕಡ್ಡಿ, ನೊರೆ, ಸತ್ತ ಏಡಿ
ಎಲ್ಲವನ್ನೂ ತಳ್ಳಿಕೊಂಡು ಬರುವ ಮೂತಿ,
ಹಿಮ್ಮಡಿಗೆ ತಣ್ಣಗೆ ತಾಕುವ ತನಕ.
ಹಿಮ ಕರಗಿದ ಮೊದಲ ನೀರಿಗೂ
ಅಂಥದೊಂದು ಮೂತಿ ಇರುತ್ತದೋ ಏನೋ.
ಗುಣಶೇಖರನನ್ನು ಕೇಳಿದರೆ
"ಅದು ಪ್ಯಾಕೇಜಲ್ಲಿ ಬರಲ್ಲ ಮೇಡಂ" ಅಂದಾನು.
ಬೆಟ್ಟದ ಕಂದು ಬಣ್ಣದಿಂದ ಬೆರಳು ಜಾರಿಸಿದೆ.
ಅದು ನಿಂತ ಕಡೆ ಇನ್ಸ್‌ಬ್ರುಕ್ ಅಂತಿತ್ತು. ಇಟ್ಟೆ.

ಕಿಟಕಿಯಾಚೆ ನಮ್ಮ ಹೊಂಗೆ ಬೋಳಾಗಿ ನಿಂತಿತ್ತು.
ಇನ್ನೊಂದು ವಾರಕ್ಕೆ ತಾನಾಗಿ ಚಿಗುರುತ್ತದೆ,
ಯಾರೂ ನೋಡಬೇಕು ಅಂತಿಲ್ಲ.

ಪಂಕಜ, ನಾನು ಕಾಫಿ ಬೆರೆಸಿ ತರುವಷ್ಟರಲ್ಲಿ
ಇರುವೆ ಹತ್ತಿದ್ದವು.
ವೀಸಾ ಇಲ್ಲ, ಆರು ತಿಂಗಳ ಪಾಸ್‌ಬುಕ್ ಇಲ್ಲ,
ಆಫ್ರಿಕಾದ ಅಂಚಿನಿಂದ ಸಾಲಾಗಿ
ಮೆಡಿಟರೇನಿಯನ್ ಸಮುದ್ರವನ್ನು ಕಾಲು ನೆನೆಯದೆ ದಾಟಿ
ಇಟಲಿಯ ಉದ್ದಕ್ಕೂ ಮೇಲೆ ಮೇಲೆ.
ಪಂಕಜ ಪ್ಯಾರಿಸ್ಸನ್ನು ಎತ್ತಿ ಊದಿದಳು,
ಹಾಲೆಂಡನ್ನು ಕೊಡವಿದಳು, "ಹೋಗ್ಲಿ, ಹೂವು ಬೇಡ" ಅಂದಳು.
ಇನ್ಸ್‌ಬ್ರುಕ್ ಆಗಲೇ ಅರ್ಧ ಸವೆದಿತ್ತು.
ದಾಚಿತ್ಸೆ ಇರಲಿಲ್ಲ.

ಹೋದ ತಿಂಗಳ ಶುಗರ್ ಇನ್ನೂರ ನಲವತ್ತು.
ಇವರು ಹೊಂಗೆಯನ್ನೇ ನೋಡುತ್ತಿದ್ದರು,
ಎಡಗೆನ್ನೆ ತುಸು ಉಬ್ಬಿತ್ತು.
ಅಟ್ಲಾಸಿನಲ್ಲಿ ಅಂಟಂಟಾದ ಚುಕ್ಕಿಯ ಸುತ್ತ
ಒಂದೇ ಒಂದು ಇರುವೆ
ಇಲ್ಲೇ ಎಲ್ಲೋ ಇತ್ತಲ್ಲ ಅನ್ನುವಂತೆ ಸುತ್ತುತ್ತಿತ್ತು.

ಫೋನು ಬಂತು. "ಇದೇ ದುಡ್ಡಿಗೆ ಏಳು ದೇಶ ಮಾಡಿಕೊಡ್ತೀನಿ ಮೇಡಂ."
ಮೂರು ಊರು ಸಾಕು ಕಣಪ್ಪ, ಅಂದೆ.
ನಡುವಿನದು ನಿನ್ನ ಪಟ್ಟಿಯಲ್ಲಿ ಸಿಗಲ್ಲ, ಬರ್ಕೋ:
ದಕ್ಕೆ ಇಳಿ, ದಾ.
ಚಕ್ಕೆ ಗುಡಿಸು.