ಕಳೆದುಹೋದ ಮಂಗಳವಾರ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ
ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ ನನ್ನದು.
ಒಂಬತ್ತು ಯಂತ್ರ, ಅದರಲ್ಲಿ ಎರಡು ಸದಾ ಮುನಿಸಿಕೊಂಡವು,
ಮೂಲೆಯ ಗೋಡೆಗೆ ಒಂದು ಟೀವಿ.
ಗುರುವಾರ ರಾತ್ರಿ ಎಂಟಕ್ಕೆ
ಒಗೆದು ಇಸ್ತ್ರಿಯಾದ ಬಟ್ಟೆಯನ್ನೇ ಮತ್ತೆ ಹೊತ್ತು ತರುತ್ತಿದ್ದರು ಜನ.
ನೋಡಿಯೂ ನೋಡದ ಹಾಗೆ ನಾನು ಚಿಲ್ಲರೆ ಕೊಡುತ್ತಿದ್ದೆ.

ಪತ್ತೇದಾರಿಣಿಯ ಹೆಸರು ಮಿಸ್ ಪಾಂಫ್ರೆಟ್.
ಮೀನಲ್ಲ, ಹೆಂಗಸು.
(ಮೀನಿನ ಊರಲ್ಲಿ ಇದನ್ನು ಹೇಳಿಯೇ ಮುಂದೆ ಹೋಗಬೇಕು.)
ಅವಳ ಸಹಾಯಕ ಹುಲ್ಲು ತುಂಬಿದ ಒಂದು ಬಕಪಕ್ಷಿ,
ಸುಳ್ಳು ಹೇಳುವಾಗ ಮಾತ್ರ ಬಾಯಿ ಬಿಡುತ್ತದೆ.
ಮೆಟ್ಟಿಲು ಕಂಡರೆ ಹೆದರುವ ಒಂದು ದೆವ್ವ,
ನೆಲಮಾಳಿಗೆಯಲ್ಲೇ ಅದರ ಸಂಸಾರ.
ಯಾರೋ ಆ ಊರಿನ ಮಂಗಳವಾರವನ್ನು ಕದ್ದಿದ್ದಾರೆ.
ಸೋಮವಾರ ಮಲಗಿದವರು ಬುಧವಾರ ಏಳುತ್ತಾರೆ,
ಗಡ್ಡ ಎರಡು ದಿನದ್ದು, ಹಸಿವೆ ಒಂದೇ ದಿನದ್ದು.

ಇಷ್ಟೇ. ಇದನ್ನೇ ನಾವು ಬಾಯಿ ತೆರೆದು ನೋಡಿದ್ದು.

ತಲೆಬುಡ ಇಲ್ಲ ಅಂತ ನನ್ನ ಭಾವ ಅಂದ.
ತಲೆ ಇಲ್ಲ, ಒಪ್ಪುತ್ತೇನೆ.
ಬುಡ ಮಾತ್ರ ಎಲ್ಲೋ ಇತ್ತು, ಕತ್ತಲಲ್ಲಿ ಕಾಲಿಗೆ ತಾಕುತ್ತಿತ್ತು.
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದವನನ್ನು
ಬೇರೆ ಕಡೆಯಾದರೆ ಹಟಮಾರಿ ಅಂತ ಬೈದು ಕಳಿಸುತ್ತಾರೆ.
ಮಿಸ್ ಪಾಂಫ್ರೆಟ್ ಟೋಪಿ ತೆಗೆದು, ಮಂಡಿಯೂರಿ,
ಮೊಲವನ್ನೇ ಕೇಳುತ್ತಾಳೆ:
ನಾಲ್ಕನೆಯದನ್ನು ಕೊನೆಗೆ ಎಲ್ಲಿ ನೋಡಿದ ನೆನಪು?
ಆಕಾಶಕ್ಕೆ ಏಣಿ ಹಾಕಿದವನ ಮನೆಗೆ ಹೋಗಿ
ಮೆಟ್ಟಿಲು ಎಣಿಸಿ, ಒಂದು ಕಡಿಮೆ ಇದೆಯಲ್ಲ ಅನ್ನುತ್ತಾಳೆ.
ಅದೇ ನಮಗೆ ಹಿಡಿಸಿದ್ದು.
ಅಷ್ಟೊಂದು ಹುಚ್ಚಾಟದ ನಡುವೆ
ಅವಳು ಯಾರ ಮಾತಿಗೂ ನಗುವುದಿಲ್ಲ.

ಹೊಗೆಮನೆಯಲ್ಲಿ ಹ್ಯಾಡಕ್ ಮೀನು ತೂಗುಹಾಕುವ ರಿಮ್ವಿದಾಸ್
ಲಿಥುವೇನಿಯಾದವನು, ಅರ್ಧ ಮಾತು ತಿಳಿಯದು ಅವನಿಗೆ.
ಮಾತು ತಿಳಿದ ನಮಗೂ ಕತೆ ಅರ್ಧವೇ,
ಹಾಗಾಗಿ ಸರಿಸಮ.
ಬಕ ಕತ್ತು ತಿರುಗಿಸಿದರೆ ಸಾಕು,
ಸಾಬೂನಿನ ಡಬ್ಬಿ ಬಡಿದು ನಗುವನು.

ಹಿಲ್ಡ್ರೆಡ್ ಬ್ಲಾಂಚರ್ಡ್ ನಗುತ್ತಿರಲಿಲ್ಲ. ಟಿಪ್ಪಣಿ ಬರೆಯುತ್ತಿದ್ದಳು.
ಮೂವತ್ತೊಂದು ವರ್ಷ
ಸಾವಿನ ವಿಚಾರಣೆಯ ಕಚೇರಿಯಲ್ಲಿ ಬೆರಳಚ್ಚು ಮಾಡಿದಾಕೆ.
ಕಾರಣ ಗೊತ್ತಾಗಿಲ್ಲ, ದೇಹ ಸಿಕ್ಕಿಲ್ಲ,
ಮೂರು ಪ್ರತಿ, ನಡುವೆ ಕಾರ್ಬನ್ ಕಾಗದ.
ಒಂದು ಕಡತದಲ್ಲಿ ಅವಳ ತಮ್ಮನ ಹೆಸರೂ ಇತ್ತಂತೆ,
ಉತ್ತರದ ಮಂಜುಗಡಲಿಗೆ ಹೋದ ಮೀನುಹಡಗು.
ಅದನ್ನೂ ನಾನೇ ಟೈಪು ಮಾಡಿದೆ, ಒಂದೂ ತಪ್ಪಿಲ್ಲದೆ, ಅಂದಳು,
ಒಣಗಿದ ಹಾಸುಬಟ್ಟೆಯ ಎರಡು ತುದಿ ನನ್ನ ಕೈಗೆ ಕೊಡುತ್ತ.
ಯಾವ ವಾರ ಮುಳುಗಿತು ಅಂತ ನಾನು ಕೇಳಲಿಲ್ಲ.
ಮಡಿಚಿದೆವು. ಮತ್ತೆ ಮಡಿಚಿದೆವು.

ಏಳನೆಯ ಕಂತಿಗೆ ಧಾರಾವಾಹಿ ನಿಂತಿತು.
ನೋಡುವವರು ಸಾಲದಂತೆ.
ಮಂಗಳವಾರ ಸಿಗಲಿಲ್ಲ.
ದೆವ್ವ ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟದ್ದು ಹಾಗೇ ಉಳಿಯಿತು.
(ಕಾಲಿತ್ತೇ ಅದಕ್ಕೆ? ಇತ್ತು ಅನ್ನುತ್ತಾನೆ ರಿಮ್ವಿದಾಸ್.)

ಮುಂದಿನ ಗುರುವಾರ ಎಂಟಕ್ಕೆ
ಅವೇ ಒಗೆದ ಬಟ್ಟೆ ಹೊತ್ತು ಅವರೇ ಬಂದರು.
ಟೀವಿಯಲ್ಲಿ ಯಾರೋ ಕೇಕಿಗೆ ಅಂಕ ಕೊಡುತ್ತಿದ್ದರು.
ಯಾರೂ ನೋಡಲಿಲ್ಲ, ಯಾರೂ ಎದ್ದು ಹೋಗಲಿಲ್ಲ.
ಐದನೆಯ ಯಂತ್ರದ ಹೊಟ್ಟೆಯಿಂದ ರಿಮ್ವಿದಾಸ್
ಒಂದು ಕಾಲುಚೀಲ ಎಳೆದ. ಹಸಿರು. ಒಂಟಿ.
ಹೆಬ್ಬೆರಳ ಕಡೆ ಹಳದಿ ನೂಲಿನಲ್ಲಿ ಯಾರೋ ಹೊಲಿದ ನಕ್ಷತ್ರ.
ನನ್ನದಲ್ಲ, ಅಂದ. ನನ್ನದೂ ಅಲ್ಲ.

ಹಿಲ್ಡ್ರೆಡ್ ಕನ್ನಡಕ ಏರಿಸಿದಳು.
ಅದನ್ನು ದೀಪದ ಕೆಳಗೆ ಹಿಡಿದು
ಒಳಮೈ ಹೊರಗೆ ಮಾಡಿ, ಮೂಸಿ, ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ನನ್ನ ಕಡೆ ತಿರುಗಿ,
"ಬಾಗಿಲು ಹಾಕಿ," ಅಂದಳು,
"ಯಾರೂ ಹೊರಗೆ ಹೋಗಕೂಡದು."

ನಾನು ನಗಲಿಲ್ಲ.
ಬೀಗದ ಕೈ ತಂದೆ.