ಹೊಚಿ ಮರೆತದ್ದು

ಮೂರು ದಿನ ದೋಣಿಯಲ್ಲಿ ಕೂತು ಬಂದವನು
ಮೊದಲು ಕೇಳಿದ್ದು ಕುಡಿಯಲು ನೀರು,
ಆಮೇಲೆ ಕಾಡಿನ ಬೆಲೆ.

ನೀರು ಅತ್ತೆ ದೆಲ್ಮಿರಾ ಕೊಟ್ಟಳು.
ಬೆಲೆ ಹೇಳುವುದು ನನ್ನ ಪಾಲಿಗೆ ಬಂತು,
ಮೂಟೆ ಎಣಿಸುವ ಪುಸ್ತಕ ನನ್ನ ಹತ್ತಿರ ಇದೆಯಲ್ಲ.

ಬರೆದುಕೋ, ಅಂದೆ.
ನಮ್ಮ ಪಾಲಿನಲ್ಲಿ ಕಾಯಿ ಬಿಡುವ ಕಸ್ತಾನ್ಯ ಮರ ನೂರಾ ಎಂಬತ್ತೇಳು.
ನೂರಾ ಎಂಬತ್ತೆಂಟನೆಯದಕ್ಕೆ ಹೋದ ವರ್ಷ ಸಿಡಿಲು ಬಡಿಯಿತು,
ಇನ್ನೂ ಪುಸ್ತಕದಿಂದ ಹೊಡೆದುಹಾಕಿಲ್ಲ.
ಎಪ್ಪತ್ತು ಕಿಲೋದ ಮೂಟೆ, ಒಳ್ಳೆಯ ಮಳೆಗಾಲಕ್ಕೆ ಐವತ್ತು.
ರಿಬೆರಾಲ್ತಾದ ಸುಲಿಯುವ ಕಾರ್ಖಾನೆ ಕೊಡುವ ದರ
ನಮ್ಮ ನದಿಯ ಹಾಗೆ,
ಏರುವಾಗ ಕೇಳುವುದಿಲ್ಲ, ಇಳಿಯುವಾಗ ಹೇಳುವುದಿಲ್ಲ.

ಬರೆದುಕೊಂಡ. ದುಂಡು ಅಕ್ಷರ.
ಸೊಳ್ಳೆ ಕಚ್ಚಿ ಬೆರಳೆಲ್ಲ ಊದಿತ್ತು.
ಮರವನ್ನೇ ಕಡಿದರೆ ಎಷ್ಟು ಹಲಗೆ ಬರುತ್ತದೆ? ಕೇಳಿದ.
ಒಲೆಯ ಮುಂದಿನಿಂದಲೇ ಅತ್ತೆ ಅಂದಳು:
ಕರೆಯುವ ಹಸುವಿನ ಚರ್ಮಕ್ಕೆ ದರ ಕಟ್ಟುತ್ತಿದ್ದಾನೆ,
ಹಸಿದಿರಬೇಕು ಪಾಪ, ಊಟಕ್ಕೆ ಹಾಕು.

ಇಂಗಾಲದ ಸಾಲನ್ನು ಅವನೇ ತುಂಬಿದ, ಟನ್ನಿಗೆ ಇಷ್ಟು ಡಾಲರ್.
ಕಾಡು ಉಸಿರು ಹಿಡಿದು ನಿಂತದ್ದಕ್ಕೂ ಕೂಲಿಯಿದೆಯೆಂದು
ನನಗೆ ಅವತ್ತೇ ಗೊತ್ತಾದದ್ದು.

ಮರುದಿನ ಕಾಡಿಗೆ ಕರೆದುಕೊಂಡು ಹೋದೆ.
ಗಾಳಿ ನಿಲ್ಲುವ ತನಕ ಬುಡಕ್ಕೆ ಹೋಗಬೇಡ,
ಒಂದೂವರೆ ಕಿಲೋದ ಕಾಯಿ, ಇಪ್ಪತ್ತೈದು ಆಳೆತ್ತರದಿಂದ ಬೀಳುತ್ತದೆ,
ನನ್ನ ಗಂಡನ ಎಡಭುಜ ನೋಡಿದೆಯಲ್ಲ.
ಮಚ್ಚಿನ ಐದನೇ ಏಟಿಗೆ ಬಾಯಿಬಿಟ್ಟಿತು ಒಂದು:
ಒಳಗೆ ಹದಿನೆಂಟು ಬೀಜ, ಕಿತ್ತಳೆ ತೊಳೆಯ ಹಾಗೆ ಒತ್ತೊತ್ತಾಗಿ.

ನೆಟ್ಟವರು ಯಾರು? ಕೇಳಿದ.
ನೆಡುವ ಖರ್ಚಿನ ಸಾಲು ಖಾಲಿ ಉಳಿದಿತ್ತು.

ಹೊಚಿ, ಅಂದೆ.
ಮೊಲದಷ್ಟಿದೆ, ಕೆಂಪು ಬೆನ್ನು, ಬಾಲ ಇಲ್ಲವೇ ಇಲ್ಲ ಅನ್ನು.
ಮಚ್ಚಿಗೂ ಬಗ್ಗದ ಈ ಚಿಪ್ಪನ್ನು ಹಲ್ಲಿನಲ್ಲೇ ಕೊರೆಯುತ್ತದೆ.
ನಾಲ್ಕು ತಿಂದು, ಮಿಕ್ಕದ್ದನ್ನು ಒಂದೊಂದೇ ಒಯ್ದು
ಒಂದೊಂದು ಕಡೆ ಹೂಳುತ್ತದೆ,
ಮುಂದೆ ಹೊಟ್ಟೆಗಿಲ್ಲದ ದಿನಕ್ಕೆಂದು.
ಆಮೇಲೆ ಮರೆಯುತ್ತದೆ.
ಎಲ್ಲವನ್ನೂ ಅಲ್ಲ. ಅಷ್ಟಿಷ್ಟು.
ಮುನ್ನೂರು ವರ್ಷ ಹಿಂದಿನ ಅಂಥದೊಂದು ಮರೆವಿನ ಕೆಳಗೆ
ನೀನೀಗ ನಿಂತಿದ್ದೀಯ.

ವರ್ಷಕ್ಕೆ ಎಷ್ಟು ಮರೆಯುತ್ತದೆ, ಅಂದಾಜು?
ತಮಾಷೆಗೆ ಕೇಳಿದ್ದಲ್ಲ, ಪೆನ್ನು ತೆರೆದೇ ಇತ್ತು.
ನಕ್ಕೆ. ಆಮೇಲೆ ನಗು ಬರಲಿಲ್ಲ.
ಹೊಚಿಯನ್ನು ನಾವು ತಿನ್ನುತ್ತೇವೆ ಎಂದೂ ಹೇಳಿದೆ, ಸುಳ್ಳೇಕೆ.
ಒಂದು ಹಂಗಾಮಿಗೆ ಎರಡೇ.
ಅದು ಎಲ್ಲೂ ಬರೆದ ನಿಯಮವಲ್ಲ,
ಮೂರನೆಯದನ್ನು ತಂದವನ ಮೇಲೆ ಬೀಳುವ ಅತ್ತೆಯ ಕಣ್ಣು.

ಹಿಂದಿರುಗುವಾಗ ರೆಂಬೆರ್ತೊನ ಹುಲ್ಲುಗಾವಲಿನ ದಾರಿ ಹಿಡಿದೆ.
ಕಾಡು ಸುಟ್ಟು ದನ ಬಿಟ್ಟಿದ್ದಾನೆ. ಕೆಟ್ಟವನಲ್ಲ.
ಮಗಳಿಗೆ ಜ್ವರ ಬಂದ ರಾತ್ರಿ ದನವನ್ನು ಮಾರಬಹುದು,
ಕಸ್ತಾನ್ಯ ಡಿಸೆಂಬರಿನ ತನಕ ಕೈಬಿಚ್ಚುವುದಿಲ್ಲ.
ಕಡಿಯಬಾರದೆಂಬ ಕಾನೂನಿಗೆ ಹೆದರಿ
ನಟ್ಟನಡುವೆ ಒಂದು ಮರ ಉಳಿಸಿದ್ದಾನೆ.
ಅದು ಹೂ ಬಿಡುತ್ತದೆ, ಪ್ರತಿ ವರ್ಷವೂ.
ಆ ಹೂವಿನ ಮುಚ್ಚಳ ಎತ್ತುವಷ್ಟು ಬಲದ ದುಂಬಿ
ಬಯಲು ದಾಟಿ ಬರುವುದಿಲ್ಲ.
ಅವನು ತಲೆಯೆತ್ತಿ ತುಂಬಾ ಹೊತ್ತು ನೋಡಿದ,
ಬಿದ್ದ ಹೂವೊಂದನ್ನು ಹಾಳೆಗಳ ನಡುವೆ ಇಟ್ಟುಕೊಂಡ.
ಯಾವ ಸಾಲಿನಲ್ಲಿ, ನಾನು ಕೇಳಲಿಲ್ಲ.

ದೋಣಿ ಹೋಗಿ ಹನ್ನೊಂದು ದಿನ.
ಇವತ್ತು ಮೂಟೆ ಹೊತ್ತು ಬರುವಾಗ
ಸಿಡಿಲು ಬಡಿದ ಮರದ ಹತ್ತಿರ ದಣಿವಾರಿಸಿಕೊಂಡೆ.
ಅದು ಬಿದ್ದ ಜಾಗದಲ್ಲಿ ಆಕಾಶಕ್ಕೆ ಕಿಂಡಿ,
ನೆಲಕ್ಕೆ ಚಾಪೆಯಗಲದ ಬಿಸಿಲು.
ಬಿಸಿಲಿನ ಅಂಚಿಗೆ ಗೇಣುದ್ದದ ಸಸಿ,
ನಾಲ್ಕೆಲೆ, ಬುಡದಲ್ಲಿ ಬೀಜದ ಚಿಪ್ಪು ಇನ್ನೂ ಅಂಟಿಕೊಂಡೇ ಇದೆ.

ಪುಸ್ತಕ ತೆಗೆಯಲಿಲ್ಲ.
ಮೇಲೆ ಬಿದ್ದ ಒಣ ಗರಿ ಸರಿಸಿ
ಮೂಟೆಯ ಪಟ್ಟಿ ಹಣೆಗೇರಿಸಿದೆ.