ಅರ್ಧ ಇಂಚು ಓರೆ

ಮಾರ್ಚ್ ಮುಗಿಯುತ್ತ ಬಂದರೂ ಉತ್ತರ ಡಕೋಟದಲ್ಲಿ
ಹಿಮ ಹೊಲದ ಮೇಲೆ ಹಟ ಹಿಡಿದು ಕೂತಿತ್ತು.
ಶೆಡ್ಡಿನೊಳಗೆ ಸೀಮೆಎಣ್ಣೆ ಹೀಟರಿನ ಗೊರಗೊರ.
ಬಣ್ಣ ಬಳಿದು ಹನ್ನೆರಡು ದಿನ.
ಇಂಗ್ವಾಲ್ಡ್ ಮಾವ ಕೆಂಪು ತಗಡನ್ನು ಕಿರುಬೆರಳಲ್ಲಿ ಮುಟ್ಟಿ
ಬೆರಳನ್ನು ಮೂಸಿ ನೋಡಿ
"ಆಯ್ತು, ಇನ್ನು ಹೆಸರು ಬರೀಬಹುದು" ಅಂದ.

ಬರೆಯುವುದೆಂದರೆ ಬರೆಯುವುದಲ್ಲ.
ಕಾಗದದ ಬೆನ್ನೇರಿ ಬಂದ ಹಳದಿ ಅಕ್ಷರಗಳನ್ನು
ಉಗುರುಬೆಚ್ಚನೆ ನೀರಲ್ಲಿ ನೆನೆಹಾಕಿ,
ಕಾಗದದ ಹಿಡಿತ ಅವು ಬಿಡುವವರೆಗೆ ಕಾದು,
ಸೋಪುನೀರು ಸವರಿದ ತಗಡಿನ ಮೇಲೆ
ಉಸಿರು ಬಿಗಿಹಿಡಿದು ಜಾರಿಸುವುದು.
ಒದ್ದೆಯಿರುವಷ್ಟು ಹೊತ್ತು ಅದು ನಿನ್ನ ಮಾತು ಕೇಳುತ್ತದೆ,
ಆಮೇಲೆ ನೀನು ಅದರ ಮಾತು ಕೇಳಬೇಕು.
ಯಂತ್ರಕ್ಕೂ ಹಣೆಬರಹ ಉಂಟು,
ಇಲ್ಲಿ ಕೆನ್ನೆಗೆ ಬರೆಯುತ್ತಾರೆ, ಅಷ್ಟೇ.

ಮಾವನ ಕೈ ಈಗ ನಡುಗುತ್ತದೆ, ಸ್ಪ್ಯಾನರಿಗೆ ಸಾಕು, ಇದಕ್ಕೆ ಸಾಲದು.
ನಾನು ಗ್ರ್ಯಾಂಡ್ ಫೋರ್ಕ್ಸಿನಲ್ಲಿ ಕಟ್ಟುಹಲ್ಲು ಮಾಡುವವಳು,
ಕೂದಲೆಳೆ ಹೆಚ್ಚುಕಡಿಮೆಯಾದರೆ
ಯಾರದೋ ದವಡೆ ನನ್ನನ್ನು ಶಪಿಸುತ್ತದೆ.
ಅದಕ್ಕೇ ಕರೆಸಿದ್ದ.

ಅಕ್ಟೋಬರಿನ ಮಾತು ಹೇಳಬೇಕು.
ಯಾರೋ ಬಳಿದ ನೀಲಿ, ಅದರಡಿ ಇನ್ಯಾರೋ ಬಳಿದ ಕಂದು,
ಅದರಡಿ ಬಿಸಿಲಿಗೆ ಬಿಳಿಚಿದ ಹುಟ್ಟುಗೆಂಪು.
ಉಜ್ಜುತ್ತ ಉಜ್ಜುತ್ತ ಎಡಬದಿಯಲ್ಲಿ
ಹಳೆಯ ಅಕ್ಷರಗಳ ನೆರಳು ಎದ್ದುಬಂತು,
ಅಂಟು ಇದ್ದಲ್ಲಿ ಮಾತ್ರ ಬಣ್ಣ ಬಾಡದೆ ಉಳಿದಿತ್ತು.
ಬೇಕಿಂಗ್ ಕಾಗದ ಹಿಡಿದು ಪೆನ್ಸಿಲಿನಲ್ಲಿ ತೆಗೆದುಕೊಂಡೆ.
ಬಲಬದಿ ನೇರ.
ಎಡಬದಿ ಮೂತಿಯ ಕಡೆ ಅರ್ಧ ಇಂಚು ಮೇಲಕ್ಕೆ.

ಕೊನೆಯ ಅಕ್ಷರದ ಮಗ್ಗುಲಲ್ಲಿ, ವಾರ್ನಿಷಿನಲ್ಲಿ,
ಒಂದು ಹೆಬ್ಬೆರಳಿನ ಅರ್ಧ ಗುರುತು.
ನನ್ನದಕ್ಕಿಂತ ಚಿಕ್ಕದು.
ನೋಡಿದೆ, ಆದರೆ ಕೈ ನಿಲ್ಲಲಿಲ್ಲ,
ಮರಳುಕಾಗದ ತನ್ನ ಪಾಡಿಗೆ ಇನ್ನೆರಡು ಸುತ್ತು ಹಾಕಿತ್ತು.
ಮಾವನಿಗೆ ಇದನ್ನು ಹೇಳಿಲ್ಲ.

ಲಮೋಂಟ್ ಒಡೆಗಾರ್ಡ್ ಬಂದ, ಟೇಪು ತಂದ.
ಜುಲೈ ಪ್ರದರ್ಶನದಲ್ಲಿ ಅಂಕ ಹಾಕುವವನು ಅವನೇ,
ಮೊದಲು ಶಾಲೆಯಲ್ಲಿ ರೇಖಾಗಣಿತ ಕಲಿಸುತ್ತಿದ್ದವನು.
"ಬೆಸುಗೆಯಿಂದ ಎರಡೂಕಾಲು ಇಂಚು ಕೆಳಗೆ, ಹುಡ್ಡಿಗೆ ಸಮಾನಾಂತರ.
ಪುಸ್ತಕದಲ್ಲಿದೆ.
ಕಾರ್ಖಾನೆಯವರು ಓರೆಯಾಗಿ ಹಚ್ಚುತ್ತಿರಲಿಲ್ಲ."
ನಾನು ಬೇಕಿಂಗ್ ಕಾಗದ ಬಿಚ್ಚಿ ತೋರಿಸಿದೆ.
ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.
"ಇದು ತಪ್ಪು," ಅಂದ, "ಇದ್ದದ್ದೇ ಇರಬಹುದು, ಆದರೂ ತಪ್ಪು.
ಎರಡು ಅಂಕ ಹೋಗುತ್ತೆ, ಸಿಗ್ನೆ."

ಯಾರು ಹಚ್ಚಿದರೋ ಗೊತ್ತಿಲ್ಲ.
ಸೈರನ್ನು ಕೂಗಿತ್ತೋ, ಬಸ್ಸಿಗೆ ಹೊತ್ತಾಗಿತ್ತೋ,
ಅಂದೇ ಕೆಲಸಕ್ಕೆ ಸೇರಿದ ಎಡಗೈಯವಳೋ,
ಕಥೆ ಕಟ್ಟಬಹುದು, ಕಟ್ಟುವುದಿಲ್ಲ.
ಕಂಪನಿ ಮುಚ್ಚಿತು, ಮೇಸ್ತ್ರಿ ಸತ್ತ,
ಪುಸ್ತಕ ಮಾತ್ರ ಇನ್ನೂ ನೇರವಾಗಿ ನಿಂತಿದೆ.

ಬಲಬದಿಗೆ ಪುಸ್ತಕದ ಲೆಕ್ಕ.
ಎಡಬದಿಗೆ ಬೇಕಿಂಗ್ ಕಾಗದದ ಲೆಕ್ಕ,
ಮರೆಮಾಚುವ ಟೇಪು, ಪೆನ್ಸಿಲ್ ಚುಕ್ಕೆ,
ಚುಕ್ಕೆಗೆ ಚುಕ್ಕೆ ಕೂಡಿಸಿ
ನಡುವಿನಿಂದ ಅಂಚಿಗೆ ನೀರು ತಳ್ಳಿದೆ.
ಓರೆಯಾಗಿ ಹಚ್ಚುವುದು ನೇರವಾಗಿ ಹಚ್ಚುವುದಕ್ಕಿಂತ ಕಷ್ಟ.
ಕೈಯೇ ಒಪ್ಪುವುದಿಲ್ಲ,
ಮತ್ತೆ ಮತ್ತೆ ತಿದ್ದಲು ಹೋಗುತ್ತದೆ.
ಒಂದು ಗುಳ್ಳೆ ಉಳಿಯಿತು, ಸೂಜಿಗೂ ಜಗ್ಗಲಿಲ್ಲ.
ಅತ್ತೆಯ ಹೇರ್ ಡ್ರೈಯರ್ ಹಿಡಿದು ಕೂತೆ.

ಮಾವ ಬಾಗಿಲವರೆಗೆ ಹಿಂದೆ ಹಿಂದೆ ಹೋದ.
ತಲೆ ಎಡಕ್ಕೆ ವಾಲಿಸಿದ. ಬಲಕ್ಕೆ.
ಅವನ ಬೆನ್ನ ಹಿಂದೆ ದಿಗಂತದವರೆಗೂ ಬಿಳಿ,
ಗೋಲಿ ಇಟ್ಟರೂ ಉರುಳದ ಸಪಾಟು ನೆಲ.
"ಅಪ್ಪ ಇದನ್ನ ಅಂಗಳದಲ್ಲಿ ನಿಲ್ಲಿಸ್ತಿದ್ದ," ಅಂದ,
"ನಾನು ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ.
ಇಷ್ಟು ವರ್ಷ
ನಮ್ಮ ಅಂಗಳವೇ ಇಳಿಜಾರು ಅಂದ್ಕೊಂಡಿದ್ದೆನಲ್ಲೇ!"